ಎರಡು ದೇಶ ಮುನಿಸಿಕೊಂಡರೆ ನಮ್ಮ ಅಕ್ಕನ ಗತಿ ಏನು? (ಓದುಗರ ಪತ್ರ, ನನ್ನ ಉತ್ತರ)

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದವು. ಅಮೆರಿಕ ನಮ್ಮ ದೇಶದವರನ್ನು ಕೈಗೆ ಬೇಡಿ ಹಾಕಿ ವಾಪಸ್ ವಿಮಾನ ಹತ್ತಿಸಿದ ಚಿತ್ರಗಳನ್ನು ಫೋನಿನಲ್ಲಿ ನೋಡಿ, ಗಲ್ಫಿನಲ್ಲಿ ಮನೆಯವರನ್ನು ಬಿಟ್ಟಿರುವ ಎಲ್ಲರಿಗೂ ದಿಗಿಲು ಹುಟ್ಟಿದೆ. ಹೊಸ ಓದುಗರಿಗೆ ನನ್ನ ಪರಿಚಯ ಒಂದೆರಡು ಮಾತಿನಲ್ಲಿ ಹೇಳುತ್ತೇನೆ. ನಾನು ವಕೀಲೆ ಅಲ್ಲ. 2004ರಲ್ಲಿ ಚಿಂತಾಮಣಿಯಿಂದ ಕುವೈತ್‌ಗೆ ಮನೆಗೆಲಸಕ್ಕೆ ಹೋದವಳು. 2011ರಲ್ಲಿ ಔಟ್‌ಪಾಸ್ (ಪಾಸ್‌ಪೋರ್ಟ್ ಕೈಯಲ್ಲಿಲ್ಲದವರಿಗೆ ಊರಿಗೆ ಬರಲು ಎಂಬಸಿ ಕೊಡುವ ಕಾಗದ) ಹಿಡಿದು ವಾಪಸ್ ಬಂದವಳು. ಈಗ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೂತು ಪಾಸ್‌ಪೋರ್ಟ್ ಅರ್ಜಿ ತುಂಬಿಕೊಡುತ್ತೇನೆ. ಕಂಡಿದ್ದು, ಅನುಭವಿಸಿದ್ದು, ಆಮೇಲೆ ಓದಿ ತಿಳಿದಿದ್ದು, ಇಷ್ಟರಿಂದ ಉತ್ತರ ಬರೆಯುತ್ತೇನೆ. ಕೇಳಿದವರ ಹೆಸರು ಯಾವತ್ತಿನ ಹಾಗೆ ಹಾಕಿಲ್ಲ.

ನಮ್ಮ ಅಕ್ಕ ನಾಲ್ಕು ವರ್ಷದಿಂದ ಕುವೈತ್‌ನಲ್ಲಿ ಮನೆಗೆಲಸಕ್ಕಿದ್ದಾಳೆ. ನಾಳೆ ನಮ್ಮ ಸರ್ಕಾರಕ್ಕೂ ಅವರ ಸರ್ಕಾರಕ್ಕೂ ಏನಾದರೂ ಕಿತ್ತಾಟ ಆದರೆ ರಾತ್ರೋರಾತ್ರಿ ಕಳಿಸಿಬಿಡುತ್ತಾರಾ? ಅಮ್ಮ ಟಿವಿ ನೋಡಿ ಸರಿಯಾಗಿ ಊಟ ಮಾಡುತ್ತಿಲ್ಲ. ಅಕ್ಕನನ್ನು ಕೇಳಿದರೆ 'ಎಲ್ಲ ಚೆನ್ನಾಗಿದೆ' ಅಂತ ಮಾತ್ರ ಹೇಳುತ್ತಾಳೆ.
(ಶ್ರೀನಿವಾಸಪುರ ತಾಲ್ಲೂಕಿನಿಂದ ಒಬ್ಬ ತಮ್ಮ)

ಮೊದಲು ಅಮ್ಮನಿಗೆ ಊಟ ಮಾಡಿಸಿ. ಸಾಮಾನ್ಯವಾಗಿ ರಾತ್ರೋರಾತ್ರಿ ಯಾರನ್ನೂ ಕಳಿಸುವುದಿಲ್ಲ. ದೇಶಗಳ ಜಗಳ ಕೆಲಸದವರ ಮೇಲೆ ಬೀಳುವುದಕ್ಕೆ ಒಂದು ಕ್ರಮ ಇದೆ. ಅದು ಗೊತ್ತಿದ್ದರೆ ಎಲ್ಲಿ ಹುಷಾರಾಗಿರಬೇಕು ಅನ್ನುವುದೂ ಗೊತ್ತಾಗುತ್ತದೆ.

ಕುವೈತ್‌ನದೇ ಒಂದು ಜಗಳದ ಕತೆ ಹೇಳುತ್ತೇನೆ. 2018ರ ಫೆಬ್ರುವರಿಯಲ್ಲಿ ಅಲ್ಲಿ ಖಾಲಿ ಬಿದ್ದಿದ್ದ ಒಂದು ಫ್ಲಾಟಿನ ಫ್ರೀಜರ್ ಒಳಗೆ ಫಿಲಿಪೀನ್ಸ್ ದೇಶದ ಮನೆಗೆಲಸದ ಹೆಣ್ಣುಮಗಳ ಶವ ಸಿಕ್ಕಿತು. ಒಂದು ವರ್ಷಕ್ಕಿಂತ ಜಾಸ್ತಿ ದಿನ ಅದು ಅಲ್ಲೇ ಇತ್ತು. ಆ ದೇಶದ ಆಗಿನ ಅಧ್ಯಕ್ಷ ಡುಟೆರ್ಟೆ, ಇನ್ನು ನಮ್ಮವರನ್ನು ಕುವೈತ್‌ಗೆ ಕಳಿಸುವುದಿಲ್ಲ ಎಂದು ನಿಷೇಧ ಹಾಕಿದರು. ವಾಪಸ್ ಬರುವವರಿಗೆ ವಿಮಾನದ ವ್ಯವಸ್ಥೆ ಮಾಡಿಸಿದರು. ಏಪ್ರಿಲ್‌ನಲ್ಲಿ ಅವರ ಎಂಬಸಿಯ ಜನ ಮನೆಗಳ ಮುಂದೆ ಗಾಡಿ ನಿಲ್ಲಿಸಿ ಕೆಲಸದ ಹೆಣ್ಣುಮಕ್ಕಳನ್ನು ಬಿಡಿಸಿಕೊಂಡು ಹೋಗುವ ವಿಡಿಯೊ ಹೊರಗೆ ಬಂತು. ಕುವೈತ್‌ಗೆ ಸಿಟ್ಟು ಬಂತು. ಇದು ನಮ್ಮ ನೆಲ, ನಮ್ಮ ಕಾನೂನು ಎಂದು ಫಿಲಿಪೀನ್ಸ್ ರಾಯಭಾರಿಗೇ ಒಂದು ವಾರದೊಳಗೆ ಜಾಗ ಖಾಲಿ ಮಾಡಲು ಹೇಳಿತು. ತನ್ನ ರಾಯಭಾರಿಯನ್ನು ಮನಿಲಾದಿಂದ ವಾಪಸ್ ಕರೆಸಿಕೊಂಡಿತು. ಆಗ ಕುವೈತ್‌ನಲ್ಲಿ ಎರಡೂವರೆ ಲಕ್ಷಕ್ಕೂ ಮೇಲೆ ಫಿಲಿಪೀನ್ಸ್ ಜನ ಇದ್ದರು. ಇಷ್ಟು ದೊಡ್ಡ ಜಗಳದಲ್ಲೂ ಅವರನ್ನೆಲ್ಲ ಒಟ್ಟಿಗೆ ಹೊರಗೆ ಹಾಕಲಿಲ್ಲ. ಮೇ 11ಕ್ಕೆ ಎರಡೂ ದೇಶ ಕೂತು ಒಪ್ಪಂದ ಮಾಡಿಕೊಂಡವು. ಕೆಲಸದವರ ಪಾಸ್‌ಪೋರ್ಟ್, ಫೋನು ಮಾಲೀಕ ಕಿತ್ತಿಟ್ಟುಕೊಳ್ಳಬಾರದು, ಊಟ, ವಸತಿ, ವಿಮೆ ಕೊಡಬೇಕು ಅಂತ ಅದರಲ್ಲಿ ಬರೆದರು. ನಿಷೇಧ ಹೋಯಿತು.

ಹಾಗಾದರೆ ಪೆಟ್ಟು ಬಿದ್ದಿದ್ದು ಯಾರಿಗೆ? ನಾನು ಕುವೈತ್‌ನಲ್ಲಿದ್ದಾಗ ಪಕ್ಕದ ಮನೆಯಲ್ಲಿ ಫಿಲಿಪೀನ್ಸ್ ಹುಡುಗಿ ಒಬ್ಬಳು ಕೆಲಸಕ್ಕಿದ್ದಳು. ಸಂಜೆ ಕಸ ಹಾಕಲು ಹೊರಗೆ ಬಂದಾಗ ತೊಟ್ಟಿಯ ಹತ್ತಿರ ಐದು ನಿಮಿಷ ಮಾತಾಡುತ್ತಿದ್ದೆವು. ಇಬ್ಬರಿಗೂ ಅರ್ಧಂಬರ್ಧ ಅರಬ್ಬಿ. ಇವತ್ತಿಗೂ ಅವಳ ಮೆಸೇಜು ಬರುತ್ತದೆ. 2018ರಲ್ಲಿ ಅವಳ ತಂಗಿ ಕುವೈತ್‌ಗೆ ಹೊರಟು ನಿಂತಿದ್ದಳು. ಸಾಲ ಮಾಡಿ ಟ್ರೈನಿಂಗ್ ಮುಗಿಸಿದ್ದಳು, ಮೆಡಿಕಲ್ ಆಗಿತ್ತು, ವೀಸಾ ಬಂದಿತ್ತು. ನಿಷೇಧ ಬಂದು ಮನೆಯಲ್ಲೇ ಉಳಿದಳು. ಆ ಮೂರು ತಿಂಗಳ ಬಡ್ಡಿಯನ್ನು ಮನಿಲಾದವರೂ ಕಟ್ಟಲಿಲ್ಲ, ಕುವೈತಿನವರೂ ಕಟ್ಟಲಿಲ್ಲ. ಇದು ಮೊದಲ ಪೆಟ್ಟು. ಹೊಸದಾಗಿ ಹೋಗುವವರಿಗೆ ಬಾಗಿಲು ಮುಚ್ಚುತ್ತದೆ. 2023ರಲ್ಲಿ ಮತ್ತೆ ಹೀಗೇ ಆಯಿತು. ಇನ್ನೊಬ್ಬ ಹೆಣ್ಣುಮಗಳ ಕೊಲೆ, ಫಿಲಿಪೀನ್ಸ್ ಹೊಸಬರನ್ನು ಕಳಿಸುವುದನ್ನು ನಿಲ್ಲಿಸಿದ್ದು, ಅದಕ್ಕೆ ಕುವೈತ್ ಫಿಲಿಪೀನ್ಸ್‌ನವರಿಗೆ ಹೊಸ ವೀಸಾವನ್ನೇ ನಿಲ್ಲಿಸಿದ್ದು. ಅದು ಬಿಟ್ಟಿದ್ದು 2024ರ ಜೂನ್‌ನಲ್ಲಿ. ಅಷ್ಟರಲ್ಲಿ ಒಂದು ವರ್ಷದ ಮೇಲಾಗಿತ್ತು.

ಎರಡನೇ ಪೆಟ್ಟು ಕಾಗದ ಸರಿ ಇಲ್ಲದವರಿಗೆ. ಇಕಾಮಾ (ಅಲ್ಲಿ ಇರುವುದಕ್ಕೆ ಕೊಡುವ ಪರವಾನಗಿ) ಮುಗಿದವರು, ಒಬ್ಬ ಕಫೀಲ್ (ವೀಸಾ ಕೊಟ್ಟು ಕರೆಸಿಕೊಂಡ ಮಾಲೀಕ) ಹೆಸರಿನಲ್ಲಿ ಬಂದು ಇನ್ನೊಂದು ಮನೆಯಲ್ಲಿ ದುಡಿಯುತ್ತಿರುವವರು. ತಪಾಸಣೆ ಬಿಗಿ ಮಾಡಿದ ದಿನ ಮೊದಲು ಸಿಕ್ಕಿಬೀಳುವವರು ಇವರೇ. ಜಗಳ ಇಲ್ಲದಾಗ ಪೊಲೀಸರೂ ನೋಡಿ ನೋಡದ ಹಾಗೆ ಇರುತ್ತಾರೆ. ಅದೇ ಧೈರ್ಯದಲ್ಲಿ ನಮ್ಮವರು ವರ್ಷಗಟ್ಟಲೆ ಇದ್ದುಬಿಡುತ್ತಾರೆ.

ಕಾಗದ ಸರಿ ಇದ್ದವರನ್ನೂ ಹೊರಗೆ ಹಾಕಿದ ಉದಾಹರಣೆ ಇಲ್ಲವೇ ಇಲ್ಲ ಎಂದರೆ ಸುಳ್ಳಾಗುತ್ತದೆ. 1990ರಲ್ಲಿ ಇರಾಕ್ ಕುವೈತ್ ಮೇಲೆ ನುಗ್ಗಿದಾಗ ಯೆಮನ್ ಸರ್ಕಾರ ಸೌದಿಯ ಜೊತೆ ನಿಲ್ಲಲಿಲ್ಲ. ಅಲ್ಲಿಯವರೆಗೆ ಯೆಮನ್‌ನವರು ಸೌದಿಯಲ್ಲಿ ಕಫೀಲ್ ಇಲ್ಲದೆ ಕೆಲಸ ಮಾಡಬಹುದಿತ್ತು. ಸೆಪ್ಟೆಂಬರ್‌ನಲ್ಲಿ ಸೌದಿ ಆ ಸೌಲಭ್ಯ ತೆಗೆದುಹಾಕಿತು. ನೋಡಿ, ಯಾರನ್ನೂ 'ಹೋಗಿ' ಎಂದು ಕೊರಳು ಹಿಡಿದು ತಳ್ಳಬೇಕಾಗಲಿಲ್ಲ. ಒಂದು ನಿಯಮ ಬದಲಾಯಿತು. ನಿನ್ನೆವರೆಗೆ ಸರಿ ಇದ್ದ ಕಾಗದ ಇವತ್ತು ಸರಿ ಇಲ್ಲ ಅಂತಾಯಿತು. ಕೆಲವೇ ತಿಂಗಳಲ್ಲಿ ಏಳೆಂಟು ಲಕ್ಷ ಜನ ಅಂಗಡಿ, ಮನೆ ಬಿಟ್ಟು ಊರಿಗೆ ಹೋದರು. ಯುದ್ಧದ ಕಾಲದ ಮಾತು ಅದು. ಅಪರೂಪ. ಆದರೂ ಮರೆಯುವಂಥದ್ದಲ್ಲ.

ಈಗ ನಿಮ್ಮ ಅಕ್ಕನ ವಿಷಯ. 'ಚೆನ್ನಾಗಿದ್ದೀಯಾ' ಅಂತ ಕೇಳಬೇಡಿ. ನಾನೂ ಏಳು ವರ್ಷ ಆ ಪ್ರಶ್ನೆಗೆ 'ಚೆನ್ನಾಗಿದ್ದೇನೆ' ಅಂತಲೇ ಹೇಳಿದೆ. 'ಬತಾಕಾ ಮೇಲೆ ಯಾವ ತಾರೀಕು ಇದೆ?' ಅಂತ ಕೇಳಿ. ಸಿವಿಲ್ ಐಡಿ ಕಾರ್ಡಿಗೆ ಅಲ್ಲಿ ಬತಾಕಾ ಅನ್ನುತ್ತಾರೆ. ಅದರ ಎರಡೂ ಕಡೆಯ ಫೋಟೊ ತರಿಸಿಕೊಳ್ಳಿ. ಮನೆಗೆಲಸದವರದು 20 ನಂಬರ್ ವೀಸಾ. ಆ ಕಾರ್ಡಿನಲ್ಲಿರುವ ಕಫೀಲನ ಮನೆಯಲ್ಲೇ ಅವಳು ಇದ್ದಾಳಾ, ಬೇರೆ ಮನೆಗೆ ಕಳಿಸಿದ್ದಾರಾ ಕೇಳಿ. ಪಾಸ್‌ಪೋರ್ಟಿನ ಮೊದಲ, ಕೊನೆಯ ಪುಟದ ಫೋಟೊ ಅವಳ ಫೋನಿನಲ್ಲೂ ನಿಮ್ಮ ಫೋನಿನಲ್ಲೂ ಇರಲಿ. ಕುವೈತ್‌ನ 2015ರ ಮನೆಗೆಲಸದವರ ಕಾನೂನು ಪಾಸ್‌ಪೋರ್ಟ್ ಇಟ್ಟುಕೊಳ್ಳಬಾರದು ಅನ್ನುತ್ತದೆ, ವಾರಕ್ಕೆ ಒಂದು ದಿನ ರಜೆ ಅನ್ನುತ್ತದೆ, ದಿನಕ್ಕೆ 12 ಗಂಟೆಗಿಂತ ಜಾಸ್ತಿ ದುಡಿಸಬಾರದು ಅನ್ನುತ್ತದೆ. ಅಡುಗೆಮನೆಯಲ್ಲಿ ಒಬ್ಬಳೇ ಇರುವವಳು ಅದನ್ನು ಹೇಗೆ ಕೇಳಿ ಪಡೆಯುತ್ತಾಳೆ ಅನ್ನುವುದು ನನಗೆ ಗೊತ್ತಿರುವ ಕಷ್ಟವೇ. ಅದಕ್ಕೇ ಫೋಟೊ ಅಂದೆ.

ನಮ್ಮ ಸರ್ಕಾರವೂ 2014ರಲ್ಲಿ ಒಂದು ಗಟ್ಟಿ ಹೆಜ್ಜೆ ಇಟ್ಟಿತ್ತು. ಭಾರತದ ಹೆಣ್ಣುಮಗಳನ್ನು ಮನೆಗೆಲಸಕ್ಕೆ ಕರೆಸುವವರು 2,500 ಡಾಲರ್ ಬ್ಯಾಂಕ್ ಗ್ಯಾರಂಟಿ ಇಡಬೇಕು ಎಂದಿತ್ತು. ಸಂಬಳ ಕೊಡದೆ ಓಡಿಸಿದರೆ ಆ ಹಣದಿಂದ ಅವಳು ಊರು ಸೇರಬಹುದಿತ್ತು. ಕುವೈತ್ ಒಪ್ಪಲಿಲ್ಲ. ಕೆಲವು ವರ್ಷಗಳ ಮೇಲೆ ನಾವೇ ಅದನ್ನು ಕೈಬಿಟ್ಟೆವು. ನನಗೆ ಇವತ್ತಿಗೂ ಅದರ ಬಗ್ಗೆ ಬೇಜಾರಿದೆ. ಕೆಲಸದವರ ಸಲುವಾಗಿ ಸರ್ಕಾರ ಜಗಳ ಆಡುವುದು ತಪ್ಪಲ್ಲ. ಜಗಳ ಆಡುವಾಗ ಅಲ್ಲಿರುವವರ ಸಂಬಳ, ಟಿಕೆಟ್ಟು, ಸಾಲದ ಬಡ್ಡಿಗೂ ಒಂದು ದಾರಿ ಮಾಡಬೇಕು, ಅಷ್ಟೇ.

2025ರ ಜನವರಿಯಲ್ಲಿ ಕೊಲಂಬಿಯಾ ಅಮೆರಿಕದ ವಿಮಾನವನ್ನೇ ವಾಪಸ್ ಕಳಿಸಿತು. ನಮ್ಮ ದೇಶ ಯಾಕೆ ಹಾಗೆ ಮಾಡಲಿಲ್ಲ? ಒಂದು ದೇಶ ತನ್ನ ಜನರನ್ನೇ ಬೇಡ ಅನ್ನಬಹುದಾ?
(ತುಮಕೂರಿನ ಕಾಲೇಜು ವಿದ್ಯಾರ್ಥಿ)

ಬೇಡ ಅನ್ನುವ ಹಾಗಿಲ್ಲ. ತನ್ನ ದೇಶಕ್ಕೆ ಬರುವ ಹಕ್ಕು ಎಲ್ಲರಿಗೂ ಇದೆ. ವಿಶ್ವಸಂಸ್ಥೆಯ ನಾಗರಿಕ ಹಕ್ಕುಗಳ ಒಪ್ಪಂದದಲ್ಲಿ ಅದು ಬರೆದೇ ಇದೆ. ಇವನು ನಮ್ಮವನೇ ಹೌದಾ ಎಂದು ಪರೀಕ್ಷೆ ಮಾಡಬಹುದು. ಅದಕ್ಕೆ ಸಮಯ ಕೇಳಬಹುದು. ಹೇಗೆ ಕಳಿಸುತ್ತೀರಿ ಎಂದು ಕೇಳಬಹುದು. ಕೊಲಂಬಿಯಾದ ಜಗಳ ಇದ್ದಿದ್ದು ಈ ಕೊನೆಯ ಮಾತಿಗೆ. ಜನವರಿ 26ರಂದು ಅಧ್ಯಕ್ಷ ಪೆಟ್ರೊ ಎರಡು ಸೇನಾ ವಿಮಾನ ಇಳಿಯಲು ಬಿಡಲಿಲ್ಲ. ನಮ್ಮವರನ್ನು ಕಳ್ಳರ ಹಾಗೆ ಕಳಿಸಬೇಡಿ, ಸಾಧಾರಣ ವಿಮಾನದಲ್ಲಿ ಕಳಿಸಿ ಅನ್ನುವುದು ಅವರ ವಾದ. ಟ್ರಂಪ್ ಕೊಲಂಬಿಯಾದ ಸಾಮಾನಿಗೆಲ್ಲ ಶೇ. 25 ಸುಂಕ, ವಾರದಲ್ಲಿ ಶೇ. 50 ಎಂದು ಬೆದರಿಸಿದರು. ಅವತ್ತು ರಾತ್ರಿಯೊಳಗೆ ಕೊಲಂಬಿಯಾ ಒಪ್ಪಿತು. ಆಮೇಲೆ ತನ್ನದೇ ವಾಯುಪಡೆಯ ವಿಮಾನ ಕಳಿಸಿ ಜನರನ್ನು ಕರೆತಂದಿತು.

ಆ ಸುದ್ದಿ ಓದಿದಾಗ ನನಗೆ ನೆನಪಾಗಿದ್ದು ನಮ್ಮ ಚಿಕ್ಕಬಳ್ಳಾಪುರದ ಹೂವಿನ ರೈತರು. ಅಮೆರಿಕದಲ್ಲಿ ಪ್ರೇಮಿಗಳ ದಿನಕ್ಕೆ ಮಾರುವ ಹೂವಿನಲ್ಲಿ ದೊಡ್ಡ ಪಾಲು ಕೊಲಂಬಿಯಾದ್ದು. ಫೆಬ್ರುವರಿ 14ಕ್ಕೆ ಮೂರು ವಾರ ಇರುವಾಗ ಶೇ. 25 ಸುಂಕ ಎಂದರೆ ಗುಲಾಬಿ ಕೊಯ್ಯುವ ಕೂಲಿ ಹೆಂಗಸಿನ ಎದೆ ಏನಾಗಿರಬೇಕು? ಅವಳು ದೇಶ ಬಿಟ್ಟು ಎಲ್ಲಿಗೂ ಹೋದವಳಲ್ಲ. ಬೊಗೋಟಾದ ಅಮೆರಿಕ ಎಂಬಸಿಯಲ್ಲಿ ವೀಸಾಕ್ಕೆ ದಿನ ಗೊತ್ತು ಮಾಡಿಕೊಂಡವರದೂ ರದ್ದಾಯಿತು.

ನಮ್ಮ ದೇಶ ತಡೆಯಲಿಲ್ಲ, ನಿಜ. ಫೆಬ್ರುವರಿ 5ರಂದು ಅಮೃತಸರದಲ್ಲಿ ಇಳಿದ ಸೇನಾ ವಿಮಾನದಲ್ಲಿ 104 ಜನ ಇದ್ದರು. ಹೆಚ್ಚಿನವರು ಹರಿಯಾಣ, ಗುಜರಾತ್, ಪಂಜಾಬಿನವರು. ಮರುದಿನ ವಿದೇಶಾಂಗ ಸಚಿವ ಜೈಶಂಕರ್ ರಾಜ್ಯಸಭೆಯಲ್ಲಿ, ಇದು ಹೊಸದಲ್ಲ, 2009ರಿಂದಲೂ ನಡೆಯುತ್ತಿದೆ, ಬೇಡಿ ಹಾಕುವ ಪದ್ಧತಿ 2012ರಿಂದ ಇದೆ, ಹೆಂಗಸರು ಮಕ್ಕಳಿಗೆ ಹಾಕುವುದಿಲ್ಲ ಎಂದರು. ನಮ್ಮವರನ್ನು ಕೆಟ್ಟದಾಗಿ ನಡೆಸಿಕೊಳ್ಳಬಾರದೆಂದು ಅಮೆರಿಕದ ಜೊತೆ ಮಾತಾಡುತ್ತಿದ್ದೇವೆ ಎಂದೂ ಹೇಳಿದರು. ವಾಪಸ್ ತೆಗೆದುಕೊಂಡಿದ್ದು ಸರಿ ಎಂದು ನನಗೂ ಅನಿಸುತ್ತದೆ. ಬಾಗಿಲು ತೆಗೆಯದೆ ಹೋದರೆ ಅವರು ಜೈಲಿನಲ್ಲಿ ಕೊಳೆಯುತ್ತಾರೆ. ಆದರೆ ಕಾಲಿಗೆ ಸರಪಳಿ ಹಾಕಿದ್ದು ಸರಿ ಎಂದು ನಾನು ಯಾವತ್ತೂ ಒಪ್ಪುವುದಿಲ್ಲ. ಗಡಿ ದಾಟಿದ್ದು ತಪ್ಪಿರಬಹುದು. ಅದಕ್ಕೆ ವಾಪಸ್ ಕಳಿಸುವುದೇ ಶಿಕ್ಷೆ. ಮೇಲೆ ಇನ್ನೊಂದು ಯಾಕೆ?

ನನ್ನ ಗಂಡ ಸೌದಿಯಲ್ಲಿ ಹೌಸ್ ಡ್ರೈವರ್. ಕಫೀಲ್ ಜೊತೆ ಸಂಬಳದ ವಿಷಯಕ್ಕೆ ಮಾತು ಬೆಳೆದು, ಅವನು ಹುರೂಬ್ ಹಾಕಿದ್ದಾನೆ. ಈಗ ತರ್ಹೀಲ್‌ನಲ್ಲಿ ಇದ್ದಾರೆ ಎಂದು ಸ್ನೇಹಿತರು ಹೇಳಿದರು. ಹತ್ತು ದಿನದಿಂದ ಫೋನಿಲ್ಲ. ನಾನು ಏನು ಮಾಡಲಿ?
(ಮುಳಬಾಗಿಲಿನಿಂದ ಒಬ್ಬ ಗೃಹಿಣಿ)

ಅಮ್ಮಾ, ಈ ಪತ್ರಕ್ಕೆ ಪತ್ರಿಕೆ ಬರುವವರೆಗೆ ಕಾಯಲಿಲ್ಲ. ಸಂಪಾದಕರ ಮೂಲಕ ನಿಮಗೆ ಆಗಲೇ ಉತ್ತರ ತಲುಪಿಸಿದ್ದೇನೆ. ಇದೇ ಕಷ್ಟದಲ್ಲಿರುವ ಬೇರೆಯವರಿಗಾಗಿ ಇಲ್ಲಿ ಬರೆಯುತ್ತೇನೆ.

ಹುರೂಬ್ ಎಂದರೆ 'ಓಡಿಹೋಗಿದ್ದಾನೆ' ಎಂದು ಮಾಲೀಕ ಕೊಡುವ ದೂರು. ತರ್ಹೀಲ್ ಎಂದರೆ ದೇಶದಿಂದ ಹೊರಗೆ ಕಳಿಸುವ ಮೊದಲು ಹಿಡಿದಿಡುವ ಜಾಗ. ಜಗಳ ಆದಾಗ ಅದನ್ನೇ ಆಯುಧ ಮಾಡಿಕೊಳ್ಳುವವರಿದ್ದಾರೆ. ಸೌದಿ 2021ರ ಮಾರ್ಚ್‌ನಲ್ಲಿ ಕೆಲಸ ಬದಲಿಸುವುದಕ್ಕೆ, ದೇಶ ಬಿಡುವುದಕ್ಕೆ ಕಫೀಲ್ ಒಪ್ಪಿಗೆ ಬೇಕಿಲ್ಲ ಎಂದು ಸುಧಾರಣೆ ತಂದಾಗ ಮನೆಗೆಲಸದವರನ್ನೂ ಹೌಸ್ ಡ್ರೈವರ್‌ಗಳನ್ನೂ ಅದರಿಂದ ಹೊರಗಿಟ್ಟಿತು. ಹಾಗಾಗಿ 'ಕಂಪನಿಯವರಿಗೆ ಆಯಿತಲ್ಲ, ನಮಗೂ ಆಗುತ್ತೆ' ಎಂದು ಯಾರಾದರೂ ಹೇಳಿದರೆ ನಂಬಿ ಕೂರಬೇಡಿ.

ಹಿಡಿದಿಟ್ಟ ವಿದೇಶಿಯನಿಗೆ ತನ್ನ ದೇಶದ ಎಂಬಸಿಗೆ ಸುದ್ದಿ ಮುಟ್ಟಿಸಿ ಎಂದು ಕೇಳುವ ಹಕ್ಕಿದೆ. 1963ರ ವಿಯೆನ್ನಾ ಒಪ್ಪಂದದ್ದು ಅದು. ಕೇಳುವುದು ಅವರಿಗೆ ಗೊತ್ತಿಲ್ಲದಿದ್ದರೆ ನೀವು ಈ ಕಡೆಯಿಂದ ಕೇಳಿಸಬೇಕು. ವಿದೇಶಾಂಗ ಸಚಿವಾಲಯದ 'ಮದದ್' ವೆಬ್‌ಸೈಟ್‌ನಲ್ಲಿ ದೂರು ದಾಖಲಿಸಿ. ಒಂದು ನಂಬರ್ ಕೊಡುತ್ತಾರೆ, ಅದನ್ನು ಗೋಡೆ ಮೇಲೆ ಬರೆದಿಡಿ. ದೂರಿನಲ್ಲಿ ಪಾಸ್‌ಪೋರ್ಟ್ ನಂಬರ್, ಇಕಾಮಾ ನಂಬರ್, ಕಫೀಲ್ ಹೆಸರು, ಊರು, ಕೊನೆಯ ಸಲ ಮಾತಾಡಿದ ದಿನ ಇರಲಿ. ಅಳುವ ಮಾತು ಅದರಲ್ಲಿ ಬೇಡ. ನನಗೆ ಗೊತ್ತು, ಬರೆಯುವಾಗ ಅಳು ಬರುತ್ತದೆ. ಆದರೂ ಅವರು ಹುಡುಕುವುದು ನಂಬರಿನಿಂದ. ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ 1800 11 3090ಕ್ಕೂ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ.

ಪಾಸ್‌ಪೋರ್ಟ್ ಕಫೀಲ್ ಹತ್ತಿರ ಉಳಿದಿದ್ದರೆ ಎಂಬಸಿ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತದೆ. ನಾವೆಲ್ಲ ಔಟ್‌ಪಾಸ್ ಅನ್ನುವುದು ಅದಕ್ಕೇ. ಊರಿಗೆ ಬರುವುದಕ್ಕೆ ಮಾತ್ರ ನಡೆಯುವ ಕಾಗದ. ಕೈಯಲ್ಲಿ ದುಡ್ಡಿಲ್ಲದವರ ಟಿಕೆಟ್ಟಿಗೆ ಎಂಬಸಿಯಲ್ಲಿ ಸಮುದಾಯ ಕಲ್ಯಾಣ ನಿಧಿ ಇದೆ, 2009ರಿಂದ. ನಿಧಿ ಇದೆ ಎಂದು ಕೇಳಿದವರಿಗೆ ಸಿಗುತ್ತದೆ, ಆದ್ದರಿಂದ ಹೆಸರು ಹಿಡಿದು ಕೇಳಿ. ಬಾಕಿ ಸಂಬಳ ಬಿಟ್ಟು ಬಂದರೂ ಎಲ್ಲ ಮುಗಿಯಿತು ಅಂತಲ್ಲ. ಹೊರಡುವ ಮೊದಲು ಎಂಬಸಿಯ ಹೆಸರಿಗೆ ಪವರ್ ಆಫ್ ಅಟಾರ್ನಿ ಬರೆದುಕೊಟ್ಟರೆ ಅವರು ಕೇಸು ಮುಂದುವರಿಸಬಹುದು.

ಬಾಗೇಪಲ್ಲಿ ಹತ್ತಿರ ಒಬ್ಬ ಏಜೆಂಟ್, ದುಬೈಗೆ ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿಂದ ಕುವೈತ್‌ಗೆ ಕಳಿಸುತ್ತೇನೆ ಅನ್ನುತ್ತಿದ್ದಾನೆ. ನನಗೆ 27 ವರ್ಷ, ಏಳನೇ ಕ್ಲಾಸ್. 1 ಲಕ್ಷ 20 ಸಾವಿರ ಕೇಳಿದ್ದಾನೆ. ಹೋಗಲಾ?

ಬೇಡ ತಂಗಿ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಇಸಿಆರ್ ಗುರುತು ಇರುತ್ತದೆ, ಅಂದರೆ ಕೆಲಸಕ್ಕೆ ಹೊರಡುವ ಮೊದಲು ಸರ್ಕಾರದ ಅನುಮತಿ ಬೇಕು ಅಂತ. ಅಂಥ ಹೆಣ್ಣುಮಕ್ಕಳು ಮನೆಗೆಲಸಕ್ಕೆ ಗಲ್ಫಿಗೆ ಹೋಗಲು 30 ವರ್ಷ ಆಗಿರಬೇಕು. ಅದನ್ನು ತಪ್ಪಿಸಲಿಕ್ಕೇ ವಿಸಿಟ್ ವೀಸಾದ ಉಪಾಯ. ಸರ್ಕಾರದ ನೋಂದಣಿ ಇರುವ ಏಜೆಂಟ್ ತೆಗೆದುಕೊಳ್ಳಬಹುದಾದ ಶುಲ್ಕ ಹೆಚ್ಚೆಂದರೆ 30 ಸಾವಿರ ಮತ್ತು ಅದರ ಮೇಲಿನ ಜಿಎಸ್‌ಟಿ. ಸರ್ಕಾರದ ಈ-ಮೈಗ್ರೇಟ್ ವೆಬ್‌ಸೈಟ್ ಮೂಲಕ ಸರಿಯಾಗಿ ಹೋದರೆ ಎರಡು ವರ್ಷಕ್ಕೆ 275 ರೂಪಾಯಿಯಲ್ಲಿ 10 ಲಕ್ಷದ ವಿಮೆಯೂ ಆಗುತ್ತದೆ. ಇವನ ದಾರಿಯಲ್ಲಿ ಹೋದರೆ ನೀನು ಹೋಗಿದ್ದೀಯ ಅನ್ನುವುದೇ ಸರ್ಕಾರದ ಪುಸ್ತಕದಲ್ಲಿ ಇರುವುದಿಲ್ಲ. ನಾಳೆ ಜಗಳವೋ ಯುದ್ಧವೋ ಆದರೆ ನಿನ್ನನ್ನು ಎಲ್ಲಿ ಅಂತ ಹುಡುಕುತ್ತಾರೆ?

ಇಷ್ಟೆಲ್ಲ ಅವಮಾನ ಪಟ್ಟುಕೊಂಡು ಹೊರದೇಶಕ್ಕೆ ಯಾಕೆ ಹೋಗಬೇಕು? ಇದ್ದಲ್ಲೇ ಗಂಜಿ ಕುಡಿಯಬಾರದಾ?
(ಕೆಜಿಎಫ್‌ನ ಹಿರಿಯ ಓದುಗರು)

ಸಾರ್, ನಿಮ್ಮ ಊರೇ ಇದಕ್ಕೆ ಉತ್ತರ ಅಲ್ವಾ? ನಿಮ್ಮ ಹಿರಿಯರು ಗಣಿ ಕೆಲಸಕ್ಕೆ ತಮಿಳು ಜಿಲ್ಲೆಗಳಿಂದ ಬಂದವರು ಎಂದು ನೀವೇ ಬರೆದಿದ್ದೀರಿ. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಅವತ್ತಿನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ವಾಪಸ್ ಬರುವವರು ಎಷ್ಟು ಸಾವಿರ? ನಾನು ಹೋದಾಗ ನಮ್ಮ ಹಳ್ಳಿಯಲ್ಲಿ ಮೂರು ವರ್ಷದಿಂದ ಮಳೆ ಇರಲಿಲ್ಲ. 900 ಅಡಿ ಕೊರೆಸಿದ ಬೋರ್‌ವೆಲ್‌ನಲ್ಲಿ ಧೂಳು ಬಂತು, ಸಾಲ ಉಳಿಯಿತು. ತಿಂಗಳಿಗೆ 40 ದಿನಾರ್, ಆಗಿನ ಲೆಕ್ಕದಲ್ಲಿ 6 ಸಾವಿರ ರೂಪಾಯಿ. ಗಂಜಿ ಕುಡಿಯುವುದಕ್ಕೆ ರಾಗಿ ಬೇಕಲ್ಲ ಸಾರ್.

ನಾನು ಹೋದ ವರ್ಷ ಗಲ್ಫಿನಿಂದ ಡಿಪೋರ್ಟ್ ಆಗಿ ಬಂದೆ. ಸಂಬಳ ಕೊಡದ ಮನೆಯಿಂದ ಓಡಿದ್ದೆ, ಪೊಲೀಸರು ಹಿಡಿದರು. ಈಗ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತೇನೆ. 'ಏನು ತಪ್ಪು ಮಾಡಿದ್ದಕ್ಕೆ ಕಳಿಸಿದರು' ಅಂತ ಜನ ಮಗಳ ಮುಂದೆಯೇ ಕೇಳುತ್ತಾರೆ. ನನ್ನ ಹತ್ತಿರ ತೋರಿಸುವುದಕ್ಕೆ ಒಂದು ಕಾಗದವೂ ಇಲ್ಲ.
(ಶಿಡ್ಲಘಟ್ಟ)

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನನ್ನ ವಿಷಯ ಹೇಳುತ್ತೇನೆ.

ನಾನು ಮೊದಲು ಸೇರಿದ ಮನೆಯ ಮಾಮಾ ಒಳ್ಳೆಯವಳು. ಅಲ್ಲಿ ಯಜಮಾನಿಯನ್ನು ಮಾಮಾ ಅನ್ನುತ್ತೇವೆ, ನಿಮಗೆ ಗೊತ್ತು. ನಾಲ್ಕು ವರ್ಷದ ಮೇಲೆ ಆಕೆ ತೀರಿಕೊಂಡಳು. ನನ್ನನ್ನು ಆಕೆಯ ತಂಗಿಯ ಮನೆಗೆ ಕಳಿಸಿದರು. ಇಕಾಮಾ ಹಳೆಯ ಮನೆಯ ಹೆಸರಿನಲ್ಲೇ ಉಳಿಯಿತು, 2009ರಲ್ಲಿ ಮುಗಿಯಿತು. ನನಗೆ ಯಾರೂ ಹೇಳಲಿಲ್ಲ. ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಅದೇ ರೊಟ್ಟಿ ಸುಡುತ್ತಿದ್ದೆ, ಅದೇ ಮಕ್ಕಳ ತಲೆ ಬಾಚುತ್ತಿದ್ದೆ. ಎರಡು ವರ್ಷ ಕಾನೂನು ಮುರಿದವಳಾಗಿ ಬದುಕಿದ್ದೆ, ನನಗೇ ತಿಳಿಯದೆ. 2011ರ ಮಾರ್ಚ್‌ನಲ್ಲಿ ಕ್ಷಮಾದಾನ ಕೊಟ್ಟಿದ್ದಾರೆ, ಜೂನ್ ಕೊನೆವರೆಗೆ ದಂಡ ಇಲ್ಲದೆ ಹೋಗಬಹುದು ಎಂದು ಹೇಳಿದವಳು ಆ ಕಸದ ತೊಟ್ಟಿಯ ಹತ್ತಿರದ ಗೆಳತಿ.

ಎಂಬಸಿ ಮುಂದೆ ಬಿಸಿಲಿನಲ್ಲಿ ಸಾಲು. ಪಾಸ್‌ಪೋರ್ಟ್ ಹಳೆಯ ಮನೆಯಲ್ಲಿ, ಕೇಳಿದರೆ ಕೊಡಲಿಲ್ಲ. ನೀನು ಭಾರತದವಳು ಅನ್ನುವುದಕ್ಕೆ ಏನಿದೆ ಎಂದರು. ನಮ್ಮ ಅಮ್ಮ ಯಾವತ್ತೋ ಒಂದು ಪತ್ರದ ಜೊತೆ ರೇಷನ್ ಕಾರ್ಡಿನ ಜೆರಾಕ್ಸ್ ಕಳಿಸಿದ್ದರು. ನನ್ನ ಹೆಸರು ಇನ್ನೂ ತೆಗೆಸಿಲ್ಲ ಎಂದು ತೋರಿಸುವುದಕ್ಕೆ. ಅದನ್ನು ಕೊಟ್ಟೆ. ಔಟ್‌ಪಾಸ್ ಬಂತು.

ಊರಿಗೆ ಬಂದಾಗ ಬಾಗಿಲಲ್ಲಿ ಮೊದಲು ಕೇಳಿದ್ದು 'ಎಂತ ತೆಚ್ಚಿನಾವಮ್ಮಾ?' ಎಷ್ಟು ತಂದೆಯಮ್ಮಾ ಅಂತ. ಎರಡನೇ ಪ್ರಶ್ನೆ ನಿಮ್ಮನ್ನು ಕೇಳುತ್ತಿರುವುದೇ. ಆ ಪ್ರಶ್ನೆಗೆ ನಾನು ಆರು ತಿಂಗಳು ತಲೆ ತಗ್ಗಿಸಿದೆ. ಆಮೇಲೆ ತಗ್ಗಿಸಲಿಲ್ಲ. ನೀವೂ ತಗ್ಗಿಸಬೇಡಿ. ಸಂಬಳ ಕೊಡದವನು ಅವನ ಮನೆಯಲ್ಲೇ ಇದ್ದಾನೆ. ಅವನನ್ನು ಯಾರೂ ಏನೂ ಕೇಳಲಿಲ್ಲ. ಮಗಳಿಗೆ ಇದನ್ನು ಬಿಡಿಸಿ ಹೇಳಿ. ಯಾವ ಮನೆ, ಎಷ್ಟು ತಿಂಗಳು, ಎಷ್ಟು ಬಾಕಿ ಎಲ್ಲ ಹೇಳಿ. ಅವಳಿಗೆ ಗೊತ್ತಿದ್ದರೆ ಹೊರಗಿನವರು ಕೇಳಿದಾಗ ಅವಳೇ ಉತ್ತರ ಕೊಡುತ್ತಾಳೆ.

ಕಾಗದ ಇಲ್ಲ ಅಂದಿರಿ. ಔಟ್‌ಪಾಸನ್ನು ಏರ್‌ಪೋರ್ಟಿನಲ್ಲಿ ತೆಗೆದುಕೊಂಡುಬಿಡುತ್ತಾರೆ, ನನ್ನದನ್ನೂ ತೆಗೆದುಕೊಂಡರು. ಆದರೆ ನೀವು ಕಳಿಸಿದ ಹಣದ ರಸೀದಿಗಳು ಬ್ಯಾಂಕಿನಲ್ಲಿ ಇರುತ್ತವೆ. ಪಾಸ್‌ಬುಕ್ ತನ್ನಿ. ಯಾವ ತಿಂಗಳಿಂದ ಹಣ ನಿಂತಿತು ಅನ್ನುವುದು ಅದರಲ್ಲಿ ಕಾಣುತ್ತದೆ. ಅಲ್ಲಿಂದ ಬಾಕಿ ಸಂಬಳದ ದೂರು ಬರೆಯಲು ಶುರು ಮಾಡಬಹುದು. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಬಸ್ಸು ಬೇಕಾದಷ್ಟಿವೆ. ಗೂಡು ಇಲ್ಲದ ದಿನ ಮಗಳನ್ನೂ ಕರೆದುಕೊಂಡು ಬನ್ನಿ. ಅಂಗಡಿಯಲ್ಲಿ ನನ್ನ ಮೇಜಿನ ಗಾಜಿನ ಕೆಳಗೆ ಆ ರೇಷನ್ ಕಾರ್ಡಿನ ಜೆರಾಕ್ಸ್ ಇದೆ, ನಾಲ್ಕು ಮಡಿಕೆಯ ಗೆರೆ ಇನ್ನೂ ಹೋಗಿಲ್ಲ. ಅದರ ಪಕ್ಕದಲ್ಲೇ ಕೂತು ನಿಮ್ಮ ಅರ್ಜಿ ಬರೆಯೋಣ.